ಬಾವಿಕಟ್ಟೆ ಸ್ಟಾಪಿನ ಜಪಮಾಲೆ

ಕಾತ್ಯಾಯಿನಿಯವರಿಗೆ ಗಡಿಯಾರ ಬೇಡ. ಹಾಲು ಉಕ್ಕುವ ಹೊತ್ತು, ಇಡ್ಲಿ ಬೇಯುವ ಹೊತ್ತು, ಯಜಮಾನರಾದ ಗುಂಡಣ್ಣನವರು ಪೇಪರು ಮಡಿಸಿಟ್ಟು "ತಿಂಡಿ ಆಯ್ತೇನೇ?" ಎಂದು ಕೇಳುವ ಹೊತ್ತು, ಎಲ್ಲವೂ ಅವರಿಗೆ ಒಳಗಿನಿಂದಲೇ ಗೊತ್ತಾಗುತ್ತದೆ. ಅದರಲ್ಲೂ ಮೂರು ನಿಮಿಷ ಎಂದರೆ ಮೂರೇ ನಿಮಿಷ. ಟ್ರಂಕ್ ಕಾಲಿನ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತು, ಊರಿನವರೆಲ್ಲರ ಮಾತಿನ ನಡುವೆ ಬಾಯಿ ಹಾಕಿ "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಕೇಳಿದವರು ಅವರು. ಹೆರಿಗೆ ಸುದ್ದಿ, ಸಾವಿನ ಸುದ್ದಿ, ಹುಡುಗಿ ಒಪ್ಪಿದಳೆಂಬ ಸುದ್ದಿ, ಎಲ್ಲಕ್ಕೂ ಅಷ್ಟೇ ಅಳತೆ. ಮೂವತ್ತಾರು ವರ್ಷದ ಸರ್ವಿಸಿನಲ್ಲಿ ಒಂದೇ ಒಂದು ಕರೆಯನ್ನೂ ತಪ್ಪು ನಂಬರಿಗೆ ಕೊಟ್ಟಿಲ್ಲ ಎಂಬುದು ಅವರ ಹೆಮ್ಮೆ. ಬೀಳ್ಕೊಡುಗೆ ದಿನ ಮೇಲಧಿಕಾರಿ ಈ ಮಾತನ್ನು ಮೈಕಿನಲ್ಲಿ ಹೇಳಿದ್ದರು. ಅಂದು ಹಾಕಿದ ಶಾಲಿಗಿಂತ ಆ ಮಾತನ್ನೇ ಅವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಈಗ ಅವರಿಗೆ ಅರವತ್ತೇಳು. ಜೆ.ಪಿ. ನಗರ ಮುಗಿದು ಸಾರಕ್ಕಿ ಶುರುವಾಗುವ ಕಡೆ, ಮುಖ್ಯರಸ್ತೆಯ ಹಿಂದಿನ ಕ್ರಾಸಿನಲ್ಲಿ ಮನೆ. ಗಂಜಿ ಹಾಕಿದ ಕಾಟನ್ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ನೋಡಿ ನಗುವವರು ನಗುತ್ತಾರೆ. "ನಗಲಿ ಬಿಡಿ, ನಮ್ಮೂರ ಫುಟ್‌ಪಾತಲ್ಲಿ ಚಪ್ಪಲಿ ಹಾಕ್ಕೊಂಡು ನಡೆಯೋವ್ರು ನಿಜವಾದ ಧೈರ್ಯವಂತರು" ಎನ್ನುತ್ತಾರೆ ಅವರು.

ಮನೆಯಿಂದ ನೂರು ಹೆಜ್ಜೆಗೆ ಬಾವಿಕಟ್ಟೆ ಬಸ್ ಸ್ಟಾಪು. ಅಲ್ಲಿ ಬಾವಿಯೂ ಇಲ್ಲ, ಕಟ್ಟೆಯೂ ಇಲ್ಲ. ಸಾರಕ್ಕಿ ಹಳ್ಳಿಯಾಗಿದ್ದಾಗ ಇದ್ದಿರಬೇಕು. ಈಗ ಇರುವುದು ಒಂದು ಕಬ್ಬಿಣದ ತಗಡಿನ ಸೂರು, ಪಾಪಯ್ಯನ ಎಳನೀರು ಗಾಡಿ, ಎದುರಿಗೆ ಆರು ಸಾಲು ವಾಹನ. ರಸ್ತೆಯ ನಡುವಿನ ಡಿವೈಡರ್‌ನಲ್ಲಿ ಒಂದು ಕಡೆ ಕಲ್ಲು ಬಿಟ್ಟು ಸಂದು ಮಾಡಿದ್ದಾರೆ. ಬಸ್ಸಿಳಿದವರು ಆ ಸಂದಿನಲ್ಲಿ ನುಸುಳಿ ಆಚೆ ದಾಟುತ್ತಾರೆ. ಆಚೆ ಮಾರ್ಕೆಟ್ಟು, ಶಾಲೆ, ಆಸ್ಪತ್ರೆ, ಗಾರ್ಮೆಂಟ್ಸು. ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ, ಕೈಯೊಂದೇ ಗತಿ. ನಮ್ಮೂರಿನಲ್ಲಿ ರಸ್ತೆ ಮಾಡುವವರಿಗೆ ಕಾರು ಕಾಣುತ್ತದೆ, ಬಸ್ಸು ಅರ್ಧ ಕಾಣುತ್ತದೆ, ನಡೆದು ಹೋಗುವ ಮನುಷ್ಯ ಕಾಣಬೇಕಾದರೆ ಅವನು ಗಾಡಿಗೆ ಅಡ್ಡ ಬರಬೇಕು.

ಒಂದು ಸೋಮವಾರ ಆ ಸಂದಿನ ಪಕ್ಕ ಹಳದಿ ಬೋರ್ಡು ನಿಂತಿತು. ಈ ರಸ್ತೆ ಇನ್ನು ಸಿಗ್ನಲ್ ಇಲ್ಲದ ವೇಗದ ರಸ್ತೆಯಾಗಲಿದೆ, ಡಿವೈಡರ್ ಪೂರ್ತಿ ಮುಚ್ಚಲಾಗುವುದು, ಪಾದಚಾರಿಗಳು ಮುಂದಿನ ಮೇಲ್ಸೇತುವೆಯನ್ನು ಬಳಸತಕ್ಕದ್ದು. ಮುಂದಿನ ಮೇಲ್ಸೇತುವೆ ಎಂದರೆ ಅರ್ಧ ಕಿಲೋಮೀಟರ್ ದೂರ. ಹತ್ತಲು ಐವತ್ತೆರಡು ಮೆಟ್ಟಿಲು, ಇಳಿಯಲು ಐವತ್ತೆರಡು. ಲಿಫ್ಟ್ ಇದೆ, ಅದರ ಬಾಗಿಲಿಗೆ ಬೀಗವೂ ಇದೆ.

ಬೋರ್ಡಿನ ಮುಂದೆ ಲಕ್ಕವ್ವ ನಿಂತಿದ್ದಳು. ಬಾಗಲಕೋಟೆ ಕಡೆಯವಳು, ಬಿಟಿಎಂ ಬಡಾವಣೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾಳೆ. ರಸ್ತೆಯ ಆಚೆ ಚನ್ನವೀರನ ಖಾನಾವಳಿಯಲ್ಲಿ ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಬಡಿಯುತ್ತಾಳೆ. ಕೈ ಗಟ್ಟಿ, ಮಂಡಿ ಮಾತ್ರ ಸವೆದಿದೆ. ಮೆಟ್ಟಿಲು ಹತ್ತಲೇಬಾರದು ಎಂದು ಡಾಕ್ಟರು ಹೇಳಿದ್ದಾರೆ. ಬಸ್ಸಿಳಿದು, ವಾಕಿಂಗಿಗೆ ಬಂದ ಕಾತ್ಯಾಯಿನಿಯವರ ಜೊತೆ ನಾಲ್ಕು ಮಾತಾಡಿ ರಸ್ತೆ ದಾಟುವುದು ಅವಳ ಎರಡು ವರ್ಷದ ರೂಢಿ.

"ಅಕ್ಕಾರ, ಏನ್ ಬರದಾರ್ರೀ ಇದರಾಗ?" ಎಂದು ಕೇಳಿದಳು. ಕಾತ್ಯಾಯಿನಿಯವರು ಓದಿ ಹೇಳಿದರು. ಲಕ್ಕವ್ವ "ಹಂಗಾರ ನನ್ನ ರೊಟ್ಟಿ ಮುಗೀತ ಬಿಡ್ರಿ" ಎಂದಳು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಅದನ್ನು ಕಂಡು ಕಾತ್ಯಾಯಿನಿಯವರಿಗೆ ತಡೆಯಲಾಗಲಿಲ್ಲ.

"ಮುಗಿಯಲ್ಲ. ನಾನು ನೋಡ್ತೀನಿ ಇರು" ಎಂದುಬಿಟ್ಟರು.

ಮಾತು ಕೊಟ್ಟ ಮೇಲೆ ಸುಮ್ಮನೆ ಕೂರುವ ಜಾತಿ ಅವರದಲ್ಲ. ಮರುದಿನವೇ ರಸ್ತೆ ಯೋಜನೆಯ ಕಚೇರಿಗೆ ಹೋದರು. ಅಲ್ಲಿ ಸಿಕ್ಕಿದವನು ರವಿಕಿರಣ್ ಎಂಬ ಎಂಜಿನಿಯರು. ನಲವತ್ತರ ಆಸುಪಾಸು, ಒಳ್ಳೆಯ ಮಾತು, ಕುರ್ಚಿ ಎಳೆದು ಕೂರಿಸಿದ, ನೀರು ತರಿಸಿದ. ನಕ್ಷೆ ಬಿಡಿಸಿ ತೋರಿಸಿದ. ನಕ್ಷೆಯಲ್ಲಿ ಬಾಣದ ಗುರುತುಗಳೆಲ್ಲ ಗಾಡಿಗಳವು.

"ಮೇಡಂ, ನಮ್ಮ ಪ್ರಾಜೆಕ್ಟಲ್ಲಿ ಒಂದು ರೂಲ್ ಇದೆ. ಪೀಕ್ ಅವರ್‌ನಲ್ಲಿ ಒಂದು ಗಂಟೆಗೆ ಸಾವಿರ ಜನ ದಾಟ್ತಿದ್ರೆ ಅಲ್ಲಿ ಪಾದಚಾರಿ ಸಿಗ್ನಲ್ ಕೊಡ್ತೀವಿ. ಅದಕ್ಕಿಂತ ಕಮ್ಮಿ ಇದ್ರೆ ಕ್ಲೋಸ್. ಬಾವಿಕಟ್ಟೆಲಿ ಸಾವಿರ ಇರಲ್ಲ."

"ಎಣಿಸಿದ್ದೀರಾ?"

"ಅಂದಾಜು ಇದೆ."

"ಅಂದಾಜಿಗೆ ನಾನು ಯಾವತ್ತೂ ಫೋನ್ ಕನೆಕ್ಟ್ ಮಾಡಿದವಳಲ್ಲ ಸಾರ್" ಎಂದರು ಕಾತ್ಯಾಯಿನಿ.

ರವಿಕಿರಣ್ ನಕ್ಕ. "ಆಯ್ತು, ನೀವೇ ಎಣಿಸಿ ತನ್ನಿ. ಮೂರು ದಿನ. ಯಾವುದಾದ್ರೂ ಒಂದು ದಿನ ಸಾವಿರ ಬಂದ್ರೆ ಫೈಲ್ ಓಪನ್ ಮಾಡ್ತೀನಿ" ಎಂದ. ಈ ಅಜ್ಜಿ ಮತ್ತೆ ಬರುವುದಿಲ್ಲ ಎಂದು ಅವನು ಅಂದುಕೊಂಡಿದ್ದರೆ ತಪ್ಪೇನಿಲ್ಲ. ಕಚೇರಿಗೆ ಬಂದು ಕೂಗಾಡುವವರು ನೂರು ಜನ, ಎಣಿಸಿ ತರುವವರು ಯಾರಿದ್ದಾರೆ?

ಇವರಿದ್ದರು. ಜೊತೆಗೆ ಇವರ ಪಾರಾಯಣ ಮಂಡಳಿ ಇತ್ತು. ಪ್ರತಿ ಶುಕ್ರವಾರ ಒಂದೊಂದು ಮನೆಯಲ್ಲಿ ಸೇರಿ ನಾಮಾವಳಿ ಹೇಳುವ ಹನ್ನೊಂದು ಹೆಂಗಸರು, ಎಲ್ಲರೂ ಅರವತ್ತು ದಾಟಿದವರು. ಲಕ್ಷ ನಾಮ ಜಪ ಮಾಡಿ ಮುಗಿಸಿದ ಕೈಗಳು ಅವು. ಮೊಬೈಲಿನಲ್ಲಿ ಎಣಿಸುವ ಆ್ಯಪ್ ಇದೆ ಎಂದು ಯಾರದೋ ಮೊಮ್ಮಗಳು ಸಲಹೆ ಕೊಟ್ಟಳು. ಕಾತ್ಯಾಯಿನಿ ಒಪ್ಪಲಿಲ್ಲ. "ಕಣ್ಣು ಜನರ ಮೇಲಿರಬೇಕು, ಮೊಬೈಲ್ ಮೇಲಲ್ಲ. ನಮ್ಮ ಹತ್ರ ಸರ ಇಲ್ವಾ?" ಎಂದು ತಮ್ಮ ತುಳಸಿಮಣಿ ಜಪಮಾಲೆಯನ್ನು ತೆಗೆದರು. ಒಬ್ಬ ಮನುಷ್ಯ ದಾಟಿದರೆ ಒಂದು ಮಣಿ ಸರಿಸುವುದು. ಸರ ಒಂದು ಸುತ್ತು ಮುಗಿದರೆ "ಸರ" ಎಂದು ಕೂಗುವುದು. ಸೂರಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಗುಂಡಣ್ಣನವರು ನೋಟ್‌ಬುಕ್ಕಿನಲ್ಲಿ ನೂರು ಎಂದು ಬರೆದುಕೊಳ್ಳುವುದು. ಅರ್ಧ ಗಂಟೆಗೆ ಒಬ್ಬರು, ಆಮೇಲೆ ಸರ ಇನ್ನೊಬ್ಬರ ಕೈಗೆ. ತುಟಿ ಮಾತ್ರ ಅಭ್ಯಾಸಬಲದಿಂದ ನಾಮ ಹೇಳುತ್ತಲೇ ಇತ್ತು, ಹಾಗಾಗಿ ಆ ಮೂರು ದಿನ ಬಾವಿಕಟ್ಟೆಯಲ್ಲಿ ರಸ್ತೆ ದಾಟಿದವರಿಗೆಲ್ಲ ಒಂದೊಂದು ನಾಮದ ರಕ್ಷೆ ಸಿಕ್ಕಿತು. ಎಳನೀರು ಪಾಪಯ್ಯ ಎಲ್ಲರಿಗೂ ಛತ್ರಿ ಹಿಡಿದ.

ನನಗೆ ಈ ದೃಶ್ಯ ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಊರು ಹಾಳಾಯಿತು ಎಂದು ಬಾಲ್ಕನಿಯಲ್ಲಿ ಕೂತು ಗೊಣಗುವ ನಮ್ಮಂಥವರ ನಡುವೆ, ಹೊಗೆ ಕುಡಿದುಕೊಂಡು ನಿಂತ ಆ ಹೆಂಗಸರು!

ಮೂರು ದಿನದಲ್ಲಿ ಒಂದು ಗಂಟೆಗೆ ಅತಿ ಹೆಚ್ಚು ಜನ ದಾಟಿದ್ದು ಎಂದರೆ ಬುಧವಾರದ ಲೆಕ್ಕ. ಒಂಬತ್ತು ಸರ, ಮೇಲೆ ನಲವತ್ತು ಮಣಿ. ಒಂಬೈನೂರ ನಲವತ್ತು. ಸಾವಿರಕ್ಕೆ ಅರವತ್ತು ಕಮ್ಮಿ.

ಗುಂಡಣ್ಣನವರು ಪೆನ್ನು ಹಿಡಿದುಕೊಂಡೇ, "ಒಂದ್ ಅರವತ್ತು ತಾನೇ, ಸೇರಿಸಿ ಬರೆದ್ರೆ ಆಯ್ತು" ಎಂದರು. ಕಾತ್ಯಾಯಿನಿ ನೋಡಿದ ನೋಟಕ್ಕೆ ಪೆನ್ನಿನ ಮುಚ್ಚಳ ತಾನಾಗಿ ಮುಚ್ಚಿಕೊಂಡಿತು. ಇದ್ದದ್ದನ್ನು ಇದ್ದ ಹಾಗೆಯೇ ಬರೆದು ಕೊಟ್ಟರು. ವಾರದಲ್ಲಿ ಉತ್ತರ ಬಂತು. ನಿಗದಿತ ಸಂಖ್ಯೆ ಇಲ್ಲವಾದ್ದರಿಂದ ಮನವಿಯನ್ನು ಪರಿಗಣಿಸಲಾಗದು. ತಿಂಗಳ ಕೊನೆಗೆ ಡಿವೈಡರ್ ಮುಚ್ಚಲಾಗುವುದು.

ಸುದ್ದಿ ಕೇಳಿದ ಲಕ್ಕವ್ವ ನಂಬಲಿಲ್ಲ. ಬೇಸರಪಡುವ ಬದಲು ಜಗಳಕ್ಕೇ ನಿಂತಳು. "ಒಂಬೈನೂರ ನಲವತ್ತ? ಸಾಧ್ಯನ ಇಲ್ರೀ. ನಾ ದಿನಾ ನೋಡ್ತೀನಿ, ಒಂದೊಂದ ಬಸ್ಸಿನ್ಯಾಗಿಂದ ಎಷ್ಟ್ ಮಂದಿ ಇಳೀತಾರ!"

"ನಾವು ಎಣಿಸಿದ್ದೀವಿ ಲಕ್ಕವ್ವ."

"ನಾನೂ ಎಣಸ್ತೀನಿ. ನಿಮ್ ಮುಂದ ಎಣಸ್ತೀನಿ."

ಮರುದಿನ ಬೆಳಗ್ಗೆ ಒಂದು ಗಂಟೆ ಮುಂಚೆಯೇ ಬಂದಳು. ಕೈಯಲ್ಲಿ ಸೀಮೆಸುಣ್ಣದ ಕಡ್ಡಿ. ರೊಟ್ಟಿ ಎಣಿಸುವವಳ ಲೆಕ್ಕ ಬೇರೆಯೇ. ಇಪ್ಪತ್ತು ರೊಟ್ಟಿ ಆದ ಕೂಡಲೇ ಗೋಡೆಗೆ ಒಂದು ಗೆರೆ. ಇಲ್ಲಿ ಗೋಡೆಯ ಬದಲು ಫುಟ್‌ಪಾತಿನ ಕಲ್ಲು. ಕಾತ್ಯಾಯಿನಿಯವರೂ ಹಠಕ್ಕೆ ಬಿದ್ದು ಪಕ್ಕದಲ್ಲೇ ಜಪಮಾಲೆ ಹಿಡಿದು ನಿಂತರು. ಅದೇ ಜನ, ಅದೇ ಹೊತ್ತು, ಎರಡು ಲೆಕ್ಕ. ಐದು ಸರ ಮುಗಿದಾಗ ಕಾತ್ಯಾಯಿನಿ "ಐನೂರು" ಎಂದು ನಿಲ್ಲಿಸಿದರು.

ಲಕ್ಕವ್ವ ಗೆರೆ ಎಣಿಸಿದಳು. ಇಪ್ಪತ್ತೇಳು. "ನಂದು ಐನೂರ ನಲವತ್ತ ಆತ್ರಿ."

"ನಿನ್ನದು ತಪ್ಪಿರಬೇಕು."

"ನಂದು ಬರೋಬ್ಬರಿ ಐತ್ರೀ ಅಕ್ಕಾರ. ರೊಟ್ಟಿ ಲೆಕ್ಕ ಒಂದ ದಿನ ತಪ್ಪಿಲ್ಲ. ನಿಮ್ಮ ನಲವತ್ತ ಮಂದಿ ಎಲ್ಲಿ ಹೋದ್ರು?"

ಕಾತ್ಯಾಯಿನಿ ಕೈಯಲ್ಲಿದ್ದ ಸರವನ್ನು ನೋಡಿದರು. ಜಪಮಾಲೆಯಲ್ಲಿ ಮಣಿ ನೂರೆಂಟು. ಜಪ ಮಾಡುವವರೆಲ್ಲ ಅದನ್ನು ನೂರೆಂದೇ ಹಿಡಿಯುತ್ತಾರೆ. ಮಿಕ್ಕ ಎಂಟು ನಾಮ ಉಚ್ಚಾರ ತಪ್ಪಿದ್ದಕ್ಕೆ, ಮನಸ್ಸು ನಡುವೆ ಅಡುಗೆಮನೆಗೆ ಓಡಿದ್ದಕ್ಕೆ, ದೇವರಿಗೆ ಬಿಟ್ಟದ್ದು. ಅಜ್ಜಿ ಕಲಿಸಿದ ಲೆಕ್ಕ, ನಲವತ್ತು ವರ್ಷದಿಂದ ಕೈಗೆ ಅಂಟಿದ ಲೆಕ್ಕ. ಒಂದು ಸರಕ್ಕೆ ನೂರು ಬರೆಯಿರಿ ಎಂದು ಹೇಳಿದವರು ಅವರೇ. ಹನ್ನೊಂದು ಹೆಂಗಸರಲ್ಲಿ ಒಬ್ಬರಿಗೂ ಅದು ತಪ್ಪೆಂದು ಹೊಳೆಯಲಿಲ್ಲ, ಗುಂಡಣ್ಣನವರಿಗೂ ಹೊಳೆಯಲಿಲ್ಲ. ಹಾಗಾದರೆ ಬುಧವಾರದ ಒಂಬತ್ತು ಸರಕ್ಕೆ ಎಪ್ಪತ್ತೆರಡು ಜನ ಬಿಟ್ಟುಹೋಗಿದ್ದರು. ನಿಜವಾದ ಸಂಖ್ಯೆ ಸಾವಿರದ ಹನ್ನೆರಡು.

ಖುಷಿಪಡಬೇಕಿತ್ತು. ಆದರೆ ಅವರ ಮುಖ ಕಪ್ಪಿಟ್ಟಿತು. ಮೂವತ್ತಾರು ವರ್ಷ ಒಂದು ನಂಬರೂ ತಪ್ಪದವರು, ತಪ್ಪು ನಂಬರನ್ನು ಸಹಿ ಹಾಕಿ ಕೊಟ್ಟು ಬಂದಿದ್ದರು.

"ಈಗ ಹೋಗಿ ಹೇಳಿದ್ರೆ ಯಾರು ನಂಬ್ತಾರೆ? ಬೇಕಾದಷ್ಟು ಬರೋ ಹಾಗೆ ತಿದ್ಕೊಂಡು ಬಂದ್ರು ಅಂತಾರೆ. ನಗೆಪಾಟಲು ಆಗುತ್ತೆ ಕಣೇ" ಎಂದರು ಗುಂಡಣ್ಣ.

"ಆಗಲಿ. ತಪ್ಪು ನಂಬರ್ ಕೊಟ್ರೆ ಲೈನ್ ಕಟ್ ಮಾಡಿ ಸರಿ ನಂಬರ್ ಕೊಡಬೇಕು. ಬೇರೆ ದಾರಿ ಇಲ್ಲ" ಎಂದು ಶೂ ಹಾಕಿಕೊಂಡರು.

ರವಿಕಿರಣ್ ಈ ಸಲವೂ ಕುರ್ಚಿ ಎಳೆದು ಕೂರಿಸಿದ. ಅವರು ಕೂರಲಿಲ್ಲ. "ನಿಮ್ಮ ಫೈಲಲ್ಲಿರೋ ನಂಬರ್ ತಪ್ಪು ಸಾರ್. ತಪ್ಪು ನಂದು. ಸರಿಯಾದದ್ದು ಸಾವಿರದ ಹನ್ನೆರಡು."

ಅವನ ಮುಖದಲ್ಲಿ ನಗು ಬಂತು, ಅಷ್ಟೇನೂ ಒಳ್ಳೆಯ ನಗುವಲ್ಲ. "ಸಾವಿರ ಬೇಕು ಅಂದಿದ್ವಿ, ಸಾವಿರದ ಹನ್ನೆರಡು ಬಂತಾ ಮೇಡಂ?"

ಕಾತ್ಯಾಯಿನಿಯವರ ಕಿವಿ ಬಿಸಿಯಾಯಿತು. ಜಪಮಾಲೆಯನ್ನು ಮೇಜಿನ ಮೇಲಿಟ್ಟರು. "ಎಣಿಸಿ ಸಾರ್."

ಅವನು ಸುಮ್ಮನೆ ಒಂದೆರಡು ಮಣಿ ಮುಟ್ಟಿದ. ಆಮೇಲೆ ಏನೋ ನೆನಪಾದವನಂತೆ ಕೈ ಹಿಂದಕ್ಕೆ ತೆಗೆದ. ಹನುಮಂತನಗರದ ಮನೆಯಲ್ಲಿ ಅವನ ತಾಯಿ ದಿನಾ ಬೆಳಗ್ಗೆ ಹಿಡಿದು ಕೂರುವ ಸರವೂ ಇಂಥದ್ದೇ. "ನೂರೆಂಟಕ್ಕೆ ನೂರು... ಒಂದು ಸರಕ್ಕೆ ನೂರು ಅಂತ ಬರೆದ್ರಾ?"

"ದೇವರ ಲೆಕ್ಕದಲ್ಲಿ ಎಂಟು ಬಿಟ್ರೆ ಪುಣ್ಯ ಸಾರ್. ಇಲ್ಲಿ ನಾನು ಬಿಟ್ಟಿದ್ದು ಜನಾನ. ಎಪ್ಪತ್ತೆರಡು ಜನ ನನ್ನ ಕಣ್ಣೆದುರಿಗೇ ದಾಟಿದ್ರು. ನಾನೇ ಅವರು ಇಲ್ಲ ಅಂದ್ಬಿಟ್ಟೆ." ಅವರು ಸರವನ್ನು ಅವನ ಕಡೆಗೆ ಇನ್ನಷ್ಟು ಸರಿಸಿದರು. "ನನ್ನ ಮಾತು ನಂಬಬೇಡಿ. ಬಂದು ನೀವೇ ನಿಂತು ಎಣಿಸಿ."

ರವಿಕಿರಣ್ ಸರವನ್ನು ಎತ್ತಿ ಅವರ ಕೈಗೆ ಕೊಟ್ಟ. "ಕೊಟ್ಟ ನಂಬರ್ ತಿದ್ದಕ್ಕಾಗಲ್ಲ ಮೇಡಂ. ಹೊಸದಾಗಿ ಎಣಿಸಬಹುದು. ಗುರುವಾರ ಎಂಟೂವರೆಯಿಂದ ಒಂಬತ್ತೂವರೆ. ನಾನೇ ಬರ್ತೀನಿ. ಆದ್ರೆ ಅದೇ ಕೊನೆ ಲೆಕ್ಕ. ಏನು ಬರುತ್ತೋ ಅದು" ಎಂದ.

ಗುರುವಾರ ಅವನು ಹೇಳಿದ ಹೊತ್ತಿಗೆ ಬಂದ. ಅಂಗೈಯಲ್ಲಿ ಹಿಡಿಯುವಂಥ ಎಣಿಸುವ ಯಂತ್ರ, ಒಬ್ಬರಿಗೆ ಒಂದು ಸಲ ಒತ್ತಿದರೆ ಟಿಕ್ ಎನ್ನುತ್ತದೆ. ಅವನು ಸ್ಟಾಪಿನ ಆ ತುದಿಗೆ, ಕಾತ್ಯಾಯಿನಿ ಈ ತುದಿಗೆ. ಎರಡೂ ಕಡೆಯಿಂದ ದಾಟುವವರೆಲ್ಲ ಲೆಕ್ಕ. ಹತ್ತು ನಿಮಿಷ ಕಳೆಯುವುದರೊಳಗೆ ಕಾತ್ಯಾಯಿನಿಯವರಿಗೆ ಏನೋ ಸರಿಯಿಲ್ಲ ಅನಿಸಿತು. ಬ್ಯಾಗು ಹೊತ್ತ ಮಕ್ಕಳೇ ಕಾಣುತ್ತಿಲ್ಲ.

"ಇವತ್ತು ಸ್ಕೂಲಿಲ್ಲ ಮೇಡಂ. ಸ್ಪೋರ್ಟ್ಸ್ ಡೇ ಅಂತೆ, ಎಲ್ರನ್ನೂ ಬೇರೆ ಗ್ರೌಂಡಿಗೆ ಕರ್ಕೊಂಡು ಹೋಗವ್ರೆ" ಎಂದ ಪಾಪಯ್ಯ.

ಮಕ್ಕಳಿಲ್ಲದೆ ಸಾವಿರ ಆಗುವುದು ಹೇಗೆ? ಇನ್ನೊಂದು ದಿನ ಕೊಡಿ ಎಂದು ಕೇಳೋಣವೇ? ಒಂದು ಸಲ ತಪ್ಪು ಲೆಕ್ಕ, ಇನ್ನೊಂದು ಸಲ ನೆಪ. ಇಲ್ಲ, ಬಾಯಿ ಬರಲಿಲ್ಲ. ಮಣಿ ಸರಿಸುತ್ತಾ ಹೋದರು. ಅಂದು ತುಟಿಯ ಮೇಲೆ ನಾಮವೂ ಬರಲಿಲ್ಲ, ಬರೀ ಎಣಿಕೆ.

ಒಂಬತ್ತೂ ಹತ್ತಕ್ಕೆ ಲಕ್ಕವ್ವನ ಬಸ್ಸು ಬಂತು. ಅವಳು ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ರಸ್ತೆಯ ಅಂಚಿಗೆ ಬಂದವಳನ್ನು ನೋಡಿ ರವಿಕಿರಣ್‌ಗೆ ಏನನಿಸಿತೋ, "ಆ ಸಂದಿನಲ್ಲಿ ನಿಂತು ನೋಡ್ಬೇಕು, ನಾನೂ ಬರ್ತೀನಿ ಅಮ್ಮ" ಎಂದು ಅವಳ ಜೊತೆ ಇಳಿದ. ಕೈಯಲ್ಲಿ ಯಂತ್ರ ಹಾಗೇ ಇತ್ತು.

ಮೊದಲ ಸಾಲು ದಾಟಿದರು. ಎರಡನೆಯ ಸಾಲಿನಲ್ಲಿ ಬೈಕೊಂದು ರೊಯ್ಯನೆ ಬಂದದ್ದು ನೋಡಿ ಅವನು ಓಡಲು ಹೊರಟ. ಲಕ್ಕವ್ವ ಶರ್ಟಿನ ತೋಳು ಹಿಡಿದು ಎಳೆದಳು.

"ಓಡಬ್ಯಾಡ್ರೀ ಸಾಹೇಬ್ರ. ಓಡಿದ್ರ ಗಾಡಿಯವ್ರಿಗೆ ನಿಮ್ಮ ಅಳತಿ ಸಿಗೂದಿಲ್ಲ. ಒಂದ ಸವನ ನಡೀರಿ."

ಸಂದಿನಲ್ಲಿ ಇಬ್ಬರೂ ನಿಂತರು. ಮೂರು ಜನ ನಿಲ್ಲುವ ಜಾಗದಲ್ಲಿ ಎಂಟು ಜನ. ಬಸ್ಸೊಂದು ಅವನ ಮೂಗಿನ ತುದಿಗೆ ಗಾಳಿ ಹೊಡೆದು ಹೋಯಿತು. ಲಕ್ಕವ್ವನನ್ನು ಆಚೆ ಮುಟ್ಟಿಸಿ, ಅವನು ಒಬ್ಬನೇ ವಾಪಸು ಬರಬೇಕಿತ್ತು. ಬರಲಾಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟ, ಎರಡು ಹೆಜ್ಜೆ ಹಿಂದೆ ಬಂದ. ಕೈ ತೋರಿಸಿದ, ಯಾರೂ ನಿಲ್ಲಿಸಲಿಲ್ಲ. ಆದರೂ ದಾಟುವವರನ್ನು ಕಂಡಾಗಲೆಲ್ಲ ಬೆರಳು ಟಿಕ್ ಎನ್ನುತ್ತಲೇ ಇತ್ತು, ಅದಕ್ಕೆ ಅವನನ್ನು ಮೆಚ್ಚಬೇಕು. ಅಂತೂ ಗಾರ್ಮೆಂಟ್ಸ್ ಹೆಂಗಸರ ಒಂದು ಗುಂಪಿನ ಬೆನ್ನಿಗೆ ಅಂಟಿಕೊಂಡು ಈಚೆ ಬಂದು ಬಿದ್ದ. ಹಣೆಯಲ್ಲಿ ಬೆವರು.

"ಆ ಕಡೆ ಮೂರು ನಿಮಿಷ ನಿಂತ್ರಿ ಸಾರ್" ಎಂದರು ಕಾತ್ಯಾಯಿನಿ, ಕಣ್ಣು ರಸ್ತೆಯಿಂದ ತೆಗೆಯದೆ.

ಕೊನೆಯ ಹತ್ತು ನಿಮಿಷ ಉಳಿದಿತ್ತು. ಗುಂಡಣ್ಣನವರು ಕುರ್ಚಿಯಿಂದ ಎದ್ದು ನಿಂತಿದ್ದರು. ರಸ್ತೆಯ ಆಚೆ ಲಕ್ಕವ್ವ ರೊಟ್ಟಿಗೆ ಹೋಗದೆ ಸೆರಗು ಹಿಡಿದುಕೊಂಡು ನಿಂತಿದ್ದಳು. ಒಂಬತ್ತೂವರೆಗೆ ರವಿಕಿರಣ್ "ಸ್ಟಾಪ್" ಎಂದು ಕೈಯೆತ್ತಿ, ಅಂಗೈ ಬಿಡಿಸಿ ನೋಡಿದ. ಅಲ್ಲಿದ್ದ ಸಂಖ್ಯೆಯನ್ನು ಹೇಳಲು ಅವನಿಗೆ ಮನಸ್ಸು ಬರಲಿಲ್ಲ ಎಂಬುದು ಮುಖದಲ್ಲೇ ಕಂಡಿತು.

"ಒಂಬೈನೂರ ತೊಂಬತ್ತೊಂಬತ್ತು, ಮೇಡಂ. ನಾನು ಇದ್ದದ್ದೇ ಬರೀಬೇಕು. ಸಾರಿ."

ಗುಂಡಣ್ಣನವರು ಮತ್ತೆ ಕುರ್ಚಿಯಲ್ಲಿ ಕೂತುಬಿಟ್ಟರು. ಕಾತ್ಯಾಯಿನಿ ಮಾತ್ರ ಕೈಯಲ್ಲಿದ್ದ ಸರದ ಮೇಲೆ ಹೆಬ್ಬೆರಳಿಟ್ಟು, ನಿಧಾನವಾಗಿ ಇನ್ನೊಮ್ಮೆ ನೋಡಿದರು.

"ನಂದು ಒಂಬತ್ತು ಸರ, ಇಪ್ಪತ್ತೊಂಬತ್ತು ಮಣಿ. ಈ ಸಲ ದೇವರಿಗೂ ಒಂದು ಬಿಟ್ಟಿಲ್ಲ. ಸಾವಿರದ ಒಂದು."

"ಎರಡು ಜಾಸ್ತಿ ಎಲ್ಲಿಂದ ಬಂತು?" ಅವನ ದನಿಯಲ್ಲಿ ಹಳೆಯ ಅನುಮಾನ ಮತ್ತೆ ಇಣುಕಿತು.

"ಹೋಗ್ತಾ ಒಂದು, ಬರ್ತಾ ಒಂದು" ಎಂದರು ಅವರು. "ನೀವೂ ದಾಟಿದ್ರಲ್ಲ ಸಾರ್. ನಿಮ್ಮನ್ನ ನೀವು ಲೆಕ್ಕಕ್ಕೇ ತಗೊಂಡಿಲ್ಲ."

ರವಿಕಿರಣ್ ಅವರನ್ನು ನೋಡಿದ. ಆಮೇಲೆ ರಸ್ತೆಯನ್ನು, ಆ ಸಂದನ್ನು, ಆಚೆ ನಿಂತ ಲಕ್ಕವ್ವನನ್ನು ನೋಡಿದ. ಅವಳು ಹಿಡಿದು ಎಳೆದಿದ್ದ ತೋಳಿನ ಮೇಲೆ ಐದು ಬೆರಳಿನ ಹಿಡಿತದ ಸುಕ್ಕು ಇನ್ನೂ ಇತ್ತು. ಅವನು ಯಂತ್ರವನ್ನು ಮೇಲೆತ್ತಿ ಒಂದು ಸಲ ಒತ್ತಿದ. ಸ್ವಲ್ಪ ತಡೆದು ಇನ್ನೊಂದು ಸಲ ಒತ್ತಿದ. ಆಮೇಲೆ ಫಾರಂ ತೆಗೆದು, ಎಳನೀರು ಗಾಡಿಯ ಮೇಲೆ ಇಟ್ಟುಕೊಂಡು, ಸಾವಿರದ ಒಂದು ಎಂದು ಅಕ್ಷರದಲ್ಲಿ ಬರೆದು ಸಹಿ ಹಾಕಿದ.